ಹಳೆಯ ನಗರದ ನಡುವೆ ವಸತಿಗೋಪುರ: ಮಿಲಾನಿನ ಟೊರ್ರೆ ವೆಲಾಸ್ಕಾ – ಒಂದು ಚಾರಿತ್ರಿಕ ಅವಲೋಕನ

ನಗರಗಳ ಇತಿಹಾಸವನ್ನು ಕುರಿತ ನಮ್ಮ ಬರವಣಿಗೆಯಲ್ಲಿ ಕೋಟೆಕೊತ್ತಲ, ದೇವಾಲಯ, ಅರಮನೆ, ಪೇಟೆಬೀದಿಗಳಿಗೆ ದೊರೆತಿರುವ ಸ್ಥಾನವು ಜನರು ವಾಸಮಾಡುವ ಬಹುಮಹಡಿ ಕಟ್ಟಡಗಳಿಗೆ ದೊರೆತಿಲ್ಲ. ಅವು ತೀರ ಹೊಸವು, ಇತಿಹಾಸದ ಕಕ್ಷೆಗೆ ಇನ್ನೂ ಬಂದಿಲ್ಲ ಎಂಬ ಭಾವನೆಯೇ ಇದಕ್ಕೆ ಕಾರಣವಿರಬಹುದು. ಆದರೆ ಎರಡನೆಯ ಮಹಾಯುದ್ಧದ ತರುವಾಯ ಯುರೋಪಿನ ಪ್ರಾಚೀನ ನಗರಗಳ ನಡುವೆ ಎದ್ದುನಿಂತ ಗೋಪುರಾಕಾರದ ಕಟ್ಟಡಗಳಲ್ಲಿ ಕೆಲವಕ್ಕೆ ಈಗ ಅರುವತ್ತು ವರ್ಷಗಳಿಗೂ ಹೆಚ್ಚು ವಯಸ್ಸಾಗಿದೆ. ಕೆಲವು ಸಂರಕ್ಷಿತ ಸ್ಮಾರಕಗಳ ಪಟ್ಟಿಗೂ ಸೇರಿವೆ. ಹಳೆಯದನ್ನು ಕೆಡಿಸುತ್ತದೆ ಎಂಬ ಆಕ್ಷೇಪಕ್ಕೆ ಒಂದು ಕಾಲದಲ್ಲಿ ಗುರಿಯಾದ ಕಟ್ಟಡವೇ ಕಾಲಾನಂತರದಲ್ಲಿ ಕಾಪಾಡಬೇಕಾದ ಹಳೆಯದಾಗಿ ಪರಿಣಮಿಸುವುದು ನಗರೇತಿಹಾಸದ ಒಂದು ವಿಚಿತ್ರ ಪ್ರಕ್ರಿಯೆಯಾಗಿದೆ. ಇಟಲಿಯ ಮಿಲಾನ್ ನಗರದ ಮಧ್ಯಭಾಗದಲ್ಲಿ 1958ರಲ್ಲಿ ಪೂರ್ಣಗೊಂಡ ಟೊರ್ರೆ ವೆಲಾಸ್ಕಾ, ಅಂದರೆ ವೆಲಾಸ್ಕಾ ಗೋಪುರ, ಇದಕ್ಕೆ ಉತ್ತಮ ನಿದರ್ಶನ.

ಈ ಗೋಪುರವನ್ನು ಕುರಿತು ವಾಸ್ತುಶಿಲ್ಪ ವಲಯದಲ್ಲಿ ನಡೆದ ಚರ್ಚೆಯು ಬಹುಮಟ್ಟಿಗೆ ಅದರ ಹೊರನೋಟವನ್ನೇ ಆಶ್ರಯಿಸಿದೆ. ಅದು ಮಧ್ಯಯುಗದ ಕೋಟೆಗೋಪುರದ ಅನುಕರಣೆಯೇ, ಅಲ್ಲವೇ ಎಂಬುದೇ ಪ್ರಧಾನ ಪ್ರಶ್ನೆಯಾಗಿ ಉಳಿದಿದೆ. ಅಂಗಡಿ, ಕಚೇರಿ ಮತ್ತು ಮನೆ ಎಂಬ ಮೂರು ಬಗೆಯ ಬಳಕೆಗಳನ್ನು ಇಕ್ಕಟ್ಟಾದ ನಿವೇಶನವೊಂದರ ಮೇಲೆ ಒಂದರ ಮೇಲೊಂದರಂತೆ ಪೇರಿಸಿದ್ದರಿಂದ ಆ ಆಕಾರ ಹೇಗೆ ಮೂಡಿತು ಎಂಬುದನ್ನು ಮೊದಲು ತಿಳಿಯದೆ ಈ ಪ್ರಶ್ನೆಗೆ ಉತ್ತರ ಹೇಳಲಾಗದು ಎಂಬುದು ಪ್ರಸ್ತುತ ಪ್ರಬಂಧದ ನಿಲುವು. ಅದರ ಜೊತೆಗೆ, ಅದನ್ನು ರೂಪಿಸಿದವರು ಯುದ್ಧಕಾಲದಲ್ಲಿ ಏನನ್ನು ಕಳೆದುಕೊಂಡಿದ್ದರು ಎಂಬುದನ್ನೂ ಬದಿಗಿಡಲಾಗದು.

ಮೊದಲಿಗೆ ಮಿಲಾನಿನ ‘ಹಳೆಯತನ’ವೆಂದರೆ ಯಾವುದು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ರೋಮನರ ಕಾಲದ ಮೆದಿಯೊಲಾನಂ ಈ ನಗರದ ಮೂಲ. ಅದರ ನಟ್ಟನಡುವಿನ ದುವೊಮೊ ಮಹಾಚರ್ಚಿನ ನಿರ್ಮಾಣ ಆರಂಭವಾದುದು 1386ರಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಕೊಂಚ ದೂರದಲ್ಲಿ ಫ್ರಾಂಚೆಸ್ಕೊ ಸ್ಫೋರ್ತ್ಸಾ 1456ರಲ್ಲಿ ಸ್ಥಾಪಿಸಿದ ಮಹಾ ಆಸ್ಪತ್ರೆಯ ಕಟ್ಟಡವಿದೆ. ಜನರು ಅದನ್ನು ‘ದೊಡ್ಡಮನೆ’ ಎಂಬರ್ಥದ ಕಾ ಗ್ರಾಂದಾ ಎಂದು ಕರೆದರು. ವಾಯವ್ಯದಲ್ಲಿ ಸ್ಫೋರ್ತ್ಸಾ ಮನೆತನದ ಕೋಟೆ. ಇವೆಲ್ಲವೂ ಏಕಪ್ರಕಾರವಾದ ಪ್ರಾಚೀನತೆಯ ಕುರುಹುಗಳೆಂದು ಪ್ರವಾಸಿಗೆ ತೋರಬಹುದು. ವಾಸ್ತವವಾಗಿ ದುವೊಮೊದ ಮುಂಭಾಗವನ್ನು ಮುಗಿಸಲಾದುದು ನೆಪೋಲಿಯನ್ನನ ಆಜ್ಞೆಯಂತೆ, 1805ರ ನಂತರ. ಕೋಟೆಯ ಹೆಬ್ಬಾಗಿಲ ಮೇಲಿರುವ ಫಿಲಾರೆತೆ ಗೋಪುರವು 1521ರಲ್ಲಿ ಮದ್ದಿನ ಸ್ಫೋಟದಿಂದ ನೆಲಸಮವಾಗಿತ್ತು. ಇಂದು ಕಾಣುವುದು ಲೂಕಾ ಬೆಲ್ತ್ರಾಮಿ ಎಂಬ ವಾಸ್ತುಶಿಲ್ಪಿ ಪುನರ್ರಚಿಸಿ 1905ರಲ್ಲಿ ಉದ್ಘಾಟನೆಗೊಂಡ ಗೋಪುರ. ನಗರದ ಒಳಕಾಲುವೆಗಳನ್ನು 1929-30ರ ಸುಮಾರಿನಲ್ಲಿ ಮುಚ್ಚಿ ರಸ್ತೆ ಮಾಡಲಾಯಿತು. ವೆಲಾಸ್ಕಾ ಗೋಪುರ ಯಾವ ಮಧ್ಯಯುಗೀನ ಗೋಪುರವನ್ನು ಹೋಲುತ್ತದೆಂದು ಜನ ಹೇಳುತ್ತಾರೋ ಆ ಗೋಪುರವೇ ಅದಕ್ಕಿಂತ ಕೇವಲ ಅರ್ಧ ಶತಮಾನ ಹಿರಿಯದು. ‘ಚಾರಿತ್ರಿಕ ಪರಿಸರ’ ಎಂಬ ಮಾತನ್ನು ಬಳಸುವಾಗ ಈ ಪದರಗಳನ್ನು ಮರೆಯಬಾರದು.

ಬಳಕೆಗಳ ಮಿಶ್ರಣವೂ ಆ ನಗರಕ್ಕೆ ಹೊಸದಲ್ಲ. ದುವೊಮೊದ ಪಕ್ಕದಲ್ಲಿ ಜುಸೆಪ್ಪೆ ಮೆಂಗೊನಿ ಯೋಜಿಸಿದ, 1865ರಿಂದ 1877ರವರೆಗೆ ಕಟ್ಟಿದ ಗಾಜಿನ ಮೇಲ್ಛಾವಣಿಯ ಗ್ಯಾಲರಿಯಲ್ಲಿ ಕೆಳಗೆ ಅಂಗಡಿ, ಕಾಫಿಗೃಹಗಳೂ ಮೇಲೆ ಕಚೇರಿ, ವಸತಿಗಳೂ ಇದ್ದವು. ಅದಕ್ಕಿಂತ ಹಿಂದಿನ ಬೀದಿಮನೆಗಳ ಕ್ರಮವೂ ಇದೇ. ನಮ್ಮ ಬೆಂಗಳೂರಿನ ಚಿಕ್ಕಪೇಟೆ, ಅಕ್ಕಿಪೇಟೆಗಳಲ್ಲಿ ಕೆಳಗೆ ಮಳಿಗೆ, ಉಪ್ಪರಿಗೆಯಲ್ಲಿ ಸಂಸಾರ ಎಂಬ ಏರ್ಪಾಟನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ವ್ಯಾಪಾರವೂ ವಾಸವೂ ಒಂದೇ ಗೋಡೆಯ ಆಚೀಚೆ ಇರುವುದು ಹಳೆಯ ನಗರಗಳ ಸಹಜ ಲಕ್ಷಣ. ಅವುಗಳನ್ನು ಬೇರ್ಪಡಿಸಬೇಕೆಂಬ ವಿಚಾರವೇ ಆಧುನಿಕವಾದುದು.

ಈ ವಿಚಾರವು ಸಿದ್ಧಾಂತದ ರೂಪ ತಾಳಿದುದು ಆಧುನಿಕ ವಾಸ್ತುಶಿಲ್ಪದ ಅಂತರರಾಷ್ಟ್ರೀಯ ಸಮ್ಮೇಳನಗಳಲ್ಲಿ. 1928ರಲ್ಲಿ ಸ್ಥಾಪಿತವಾದ ಈ ಸಂಘಟನೆಯನ್ನು ಫ್ರೆಂಚ್ ಹೆಸರಿನ ಮೊದಲಕ್ಷರಗಳಿಂದ ‘ಸಿಯಾಂ’ ಎಂದು ಕರೆಯುವ ರೂಢಿ ಇದೆ. ಅದು 1933ರಲ್ಲಿ ನಡೆಸಿದ ಚರ್ಚೆಗಳನ್ನು ಆಧರಿಸಿ ಲ ಕಾರ್ಬೂಸಿಯೆ 1943ರಲ್ಲಿ ‘ಅಥೆನ್ಸ್ ಸನ್ನದು’ ಎಂಬ ಗ್ರಂಥವನ್ನು ಪ್ರಕಟಿಸಿದರು. ವಾಸ, ದುಡಿಮೆ, ವಿರಾಮ, ಸಂಚಾರ ಎಂಬ ನಾಲ್ಕು ಕಾರ್ಯಗಳಾಗಿ ನಗರಜೀವನವನ್ನು ವಿಂಗಡಿಸಿ, ಒಂದೊಂದಕ್ಕೂ ಪ್ರತ್ಯೇಕ ವಲಯವನ್ನು ಗೊತ್ತುಪಡಿಸಬೇಕೆಂಬುದು ಈ ಸನ್ನದಿನ ಮುಖ್ಯ ಪ್ರತಿಪಾದನೆ. ಹಳೆಯ ಪ್ರದೇಶಗಳಲ್ಲಿ ಹೊಸ ಕಟ್ಟಡಗಳನ್ನು ಕಟ್ಟುವಾಗ ಸೌಂದರ್ಯದ ನೆಪದಿಂದ ಗತಕಾಲದ ಶೈಲಿಗಳನ್ನು ಬಳಸುವುದು ಹಾನಿಕರ ಎಂದೂ ಅದು ಎಚ್ಚರಿಸಿತು. ಹೀಗೆ ವೆಲಾಸ್ಕಾ ಗೋಪುರವು ಎದುರಿಸಬೇಕಾಗಿ ಬಂದ ಎರಡು ನಿಷೇಧಗಳೂ, ಎಂದರೆ ಬಳಕೆಗಳ ಮಿಶ್ರಣ ಸಲ್ಲದು ಎಂಬುದೂ ಹಿಂದಿನ ಶೈಲಿ ಸಲ್ಲದು ಎಂಬುದೂ, ಒಂದೇ ಗ್ರಂಥದಲ್ಲಿ ಜೊತೆಯಾಗಿದ್ದವು.

ಗೋಪುರದ ವಿನ್ಯಾಸಕಾರರು ಈ ಸಂಘಟನೆಯ ಹೊರಗಿನವರಾಗಿರಲಿಲ್ಲ ಎಂಬುದು ಗಮನಾರ್ಹ. ಜಾನ್ ಲುಯಿಜಿ ಬಾನ್ಫಿ, ಲೊದೊವಿಕೊ ಬಾರ್ಬಿಯಾನೊ ದಿ ಬೆಲ್ಜೊಯೋಸೊ, ಎನ್ರಿಕೊ ಪೆರೆಸ್ಸೂತ್ತಿ, ಎರ್ನೆಸ್ತೊ ನಾಥನ್ ರೋಜರ್ಸ್ ಎಂಬ ನಾಲ್ವರು ಸಹಪಾಠಿಗಳು 1932ರಲ್ಲಿ ಮಿಲಾನಿನಲ್ಲಿ ತಮ್ಮ ಹೆಸರುಗಳ ಮೊದಲಕ್ಷರಗಳಿಂದಲೇ ಬಿಬಿಪಿಆರ್ ಎಂಬ ಕಚೇರಿಯನ್ನು ತೆರೆದರು. ಆ ಪೀಳಿಗೆಯ ಇಟಲಿಯ ಅನೇಕ ತರುಣರಂತೆ ಇವರೂ ಆರಂಭದಲ್ಲಿ ಫ್ಯಾಸಿಸ್ಟ್ ಆಡಳಿತವೇ ಹೊಸ ವಾಸ್ತುಶಿಲ್ಪಕ್ಕೆ ಆಶ್ರಯ ನೀಡೀತೆಂದು ನಂಬಿದ್ದವರು. 1938ರ ಜನಾಂಗೀಯ ಕಾನೂನುಗಳು ಆ ನಂಬಿಕೆಯನ್ನು ಕೊನೆಗಾಣಿಸಿದವು. ಯಹೂದಿ ಮೂಲದ ರೋಜರ್ಸ್ ತಮ್ಮ ಹೆಸರಿನಲ್ಲಿ ಕೆಲಸ ಮಾಡುವುದೇ ಕಷ್ಟವಾಗಿ, 1943ರಲ್ಲಿ ಸ್ವಿಟ್ಜರ್‌ಲೆಂಡಿಗೆ ಪಾರಾದರು. ಪ್ರತಿರೋಧ ಚಳವಳಿಗೆ ಸೇರಿದ್ದ ಬಾನ್ಫಿ ಮತ್ತು ಬೆಲ್ಜೊಯೋಸೊ 1944ರ ಮಾರ್ಚಿಯಲ್ಲಿ ಬಂಧಿತರಾಗಿ, ಫೊಸ್ಸೊಲಿ ಶಿಬಿರದ ಮೂಲಕ ಆಸ್ಟ್ರಿಯಾದ ಮೌತ್‌ಹೌಸೆನ್ ಸಮುಚ್ಚಯದ ಗೂಸೆನ್ ಯಾತನಾಶಿಬಿರಕ್ಕೆ ಸಾಗಿಸಲ್ಪಟ್ಟರು. ಬಾನ್ಫಿ ಅಲ್ಲಿಯೇ 1945ರ ಏಪ್ರಿಲ್ 10ರಂದು ತೀರಿಕೊಂಡರು. ಶಿಬಿರದ ವಿಮೋಚನೆಗೆ ಆಗ ಒಂದು ತಿಂಗಳೂ ಉಳಿದಿರಲಿಲ್ಲ. ಬೆಲ್ಜೊಯೋಸೊ ಬದುಕಿ ಮರಳಿದರು. ಉಳಿದ ಮೂವರು ಕಚೇರಿಯ ಹೆಸರಿನಿಂದ ಗೆಳೆಯನ ಅಕ್ಷರವನ್ನು ತೆಗೆಯಲಿಲ್ಲ.

ಯುದ್ಧಾನಂತರ ಇವರು ಕೈಗೊಂಡ ಮೊದಲ ಕಾರ್ಯಗಳಲ್ಲೊಂದು ಜರ್ಮನ್ ಶಿಬಿರಗಳಲ್ಲಿ ಮಡಿದವರ ಸ್ಮಾರಕ. ಮಿಲಾನಿನ ಸ್ಮಾರಕ ಶ್ಮಶಾನದಲ್ಲಿರುವ ಅದು ಬಲು ಸರಳವಾದ ರಚನೆ: ಉಕ್ಕಿನ ಕೊಳವೆಗಳ ಘನಾಕಾರದ ಹಂದರ, ಅದರ ನಡುವೆ ಶಿಬಿರದ ಮಣ್ಣನ್ನು ತುಂಬಿದ ಒಂದು ಪಾತ್ರೆ. 1946ರಲ್ಲಿ ‘ದೊಮುಸ್’ ಪತ್ರಿಕೆಯ ಸಂಪಾದಕರಾದ ರೋಜರ್ಸ್ ಅದಕ್ಕೆ ‘ಮನುಷ್ಯನ ಮನೆ’ ಎಂಬ ಉಪಶೀರ್ಷಿಕೆಯನ್ನು ಕೊಟ್ಟರು. ಮನೆಗಳು ಉರುಳಿಬಿದ್ದ ನಾಡಿನಲ್ಲಿ ಈ ಮಾತಿಗೆ ಬರಿಯ ಅಲಂಕಾರದ ಅರ್ಥವಿರಲಿಲ್ಲ. ಮುಂದೆ 1953ರ ಕೊನೆಯಲ್ಲಿ ‘ಕಾಸಾಬೆಲ್ಲಾ’ ಪತ್ರಿಕೆಯ ಹೊಣೆಯನ್ನು ವಹಿಸಿಕೊಂಡಾಗ ಅದರ ಹೆಸರಿಗೆ ‘ಕಾಂತಿನುಯಿತಾ’, ಅಂದರೆ ಸಾತತ್ಯ, ಎಂಬ ಪದವನ್ನು ಜೋಡಿಸಿದರು. ಕಡಿದುಹೋದದ್ದನ್ನು ಕಣ್ಣಾರೆ ಕಂಡವರು ಮಾತ್ರ ಸಾತತ್ಯವನ್ನು ಇಷ್ಟು ಒತ್ತಿ ಹೇಳಬಲ್ಲರು ಎಂದು ನನಗೆ ತೋರುತ್ತದೆ.

ರೋಜರ್ಸ್ ಆ ಪತ್ರಿಕೆಯಲ್ಲಿ ಪ್ರತಿಪಾದಿಸಿದ ಪ್ರಮುಖ ಪರಿಕಲ್ಪನೆಯನ್ನು ಕನ್ನಡದಲ್ಲಿ ‘ಪರಿಸರದಲ್ಲಿ ಮೊದಲೇ ಇರುವವು’ ಎಂದು ಹೇಳಬಹುದು. ಹೊಸ ಕಟ್ಟಡವೊಂದು ಬರಿನೆಲದ ಮೇಲೆ ಏಳುವುದಿಲ್ಲ. ಬೀದಿಯ ಅಗಲ, ಸುತ್ತಲಿನ ಬಣ್ಣ, ಊರಿನ ಎತ್ತರ, ಜನರ ನೆನಪು ಇವೆಲ್ಲ ಮೊದಲೇ ಅಲ್ಲಿರುತ್ತವೆ. ಅವುಗಳೊಡನೆ ಸಂಬಂಧ ಕಲ್ಪಿಸುವುದು ವಾಸ್ತುಶಿಲ್ಪಿಯ ಕರ್ತವ್ಯ ಎಂಬುದು ಇದರ ಸಾರ. ಇದು ಅನುಕರಣೆಯ ಬೋಧನೆಯಲ್ಲ. ಹಳೆಯ ಅಲಂಕಾರಗಳನ್ನು ಹಾಗೆಯೇ ಅಂಟಿಸುವವರನ್ನೂ ಎಲ್ಲ ಊರಿಗೂ ಒಂದೇ ಗಾಜಿನ ಪೆಟ್ಟಿಗೆಯನ್ನು ಕೊಡುವವರನ್ನೂ ಅವರು ಸಮಾನವಾಗಿಯೇ ಟೀಕಿಸಿದರು. 1951ರಲ್ಲಿ ಇಂಗ್ಲೆಂಡಿನ ಹಾಡ್ಸ್‌ಡನ್ನಿನಲ್ಲಿ ‘ನಗರದ ಹೃದಯ’ವೆಂಬ ವಿಷಯವನ್ನು ಕುರಿತು ಸೇರಿದ ಸಿಯಾಂ ಸಮ್ಮೇಳನದ ಗ್ರಂಥವನ್ನು ಸಂಪಾದಿಸಿದ ಮೂವರಲ್ಲಿ ರೋಜರ್ಸ್ ಒಬ್ಬರು. ಅದೇ ಸಮ್ಮೇಳನಕ್ಕೆ ವೀಕ್ಷಕರಾಗಿ ಹೋಗಿದ್ದ ಭಾರತೀಯ ತರುಣ ಬಾಲಕೃಷ್ಣ ದೋಷಿ ಅಲ್ಲಿಂದಲೇ ಲ ಕಾರ್ಬೂಸಿಯೆಯ ಪ್ಯಾರಿಸ್ ಕಚೇರಿಯ ದಾರಿ ಹಿಡಿದರು. ಮುಂದೆ ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಆವರಣವನ್ನು ಫತೇಪುರ ಸಿಕ್ರಿಯ ಅಂಗಳಗಳ ನೆನಪಿನಲ್ಲಿ ರೂಪಿಸಿದವರು ಇವರೇ. ‘ನಗರದ ಹೃದಯ’ದ ಚರ್ಚೆಯ ಒಂದು ಎಳೆ ಹೀಗೆ ನಮ್ಮ ಕಡೆಗೂ ಹರಿದುಬಂದಿದೆ.

ಈಗ ನಿವೇಶನದ ಕಡೆಗೆ ತಿರುಗೋಣ. 1943ರ ಆಗಸ್ಟಿನಲ್ಲಿ ಬ್ರಿಟಿಷ್ ವಿಮಾನಗಳು ಮಿಲಾನಿನ ಮೇಲೆ ನಡೆಸಿದ ರಾತ್ರಿದಾಳಿಗಳಲ್ಲಿ ಲಾ ಸ್ಕಾಲಾ ರಂಗಮಂದಿರ, ಸ್ಫೋರ್ತ್ಸಾ ಕೋಟೆ, ಕಾ ಗ್ರಾಂದಾ ಎಲ್ಲವೂ ಘಾಸಿಗೊಂಡವು. ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆಯ ಭೋಜನಶಾಲೆ ಕುಸಿದರೂ ಲಿಯೊನಾರ್ದೊನ ‘ಕೊನೆಯ ಭೋಜನ’ ಚಿತ್ರವಿದ್ದ ಗೋಡೆ ಮಾತ್ರ ಮರಳಿನ ಚೀಲಗಳ ಆಸರೆಯಿಂದ ನಿಂತಿತು. ದುವೊಮೊದಿಂದ ದಕ್ಷಿಣಕ್ಕೆ, ಅರ್ಧ ಕಿಲೋಮೀಟರಿನಷ್ಟು ದೂರದಲ್ಲಿ, ಪೋರ್ತಾ ರೊಮಾನಾ ಬೀದಿಯ ಪಕ್ಕದ ಹಳೆಯ ಮನೆಗಳ ಗುಂಪೊಂದು ಬಾಂಬಿಗೆ ಸಿಲುಕಿ ಹಾಳಾಯಿತು. ಹದಿನಾರು-ಹದಿನೇಳನೆಯ ಶತಮಾನಗಳ ಸಂಧಿಕಾಲದಲ್ಲಿ ಮಿಲಾನನ್ನು ಆಳಿದ ಸ್ಪ್ಯಾನಿಷ್ ಗವರ್ನರ್ ಹ್ವಾನ್ ಫೆರ್ನಾಂದೆಸ್ ದೆ ವೆಲಾಸ್ಕೊನ ಹೆಸರು ಅಲ್ಲಿನ ಚೌಕಕ್ಕೆ ಸಂದಿದೆ. ಈ ನಿವೇಶನದಲ್ಲಿ ಲಾಭದಾಯಕವಾದ ಕಟ್ಟಡವೊಂದನ್ನು ಎಬ್ಬಿಸುವುದು ಖಾಸಗಿ ನಿರ್ಮಾಣ ಕಂಪನಿಯ ಉದ್ದೇಶವಾಗಿತ್ತು. ಆ ಕೆಲಸ 1950ರ ಸುಮಾರಿಗೆ ಬಿಬಿಪಿಆರ್ ಕಚೇರಿಗೆ ಬಂದಿತು. ಗೋಪುರ ಹುಟ್ಟಿದ್ದು ಬರಿಯ ಆದರ್ಶದಿಂದ ಎಂದು ಭಾವಿಸಬೇಕಾಗಿಲ್ಲ. ಹೂಡಿದ ಹಣಕ್ಕೆ ತಕ್ಕಷ್ಟು ನೆಲಹಾಸು ದೊರೆಯಬೇಕೆಂಬ ಲೆಕ್ಕಾಚಾರ ಅದರ ಮೂಲದಲ್ಲಿದೆ.

ಆದರೆ ಆ ಲೆಕ್ಕಾಚಾರವನ್ನು ಎರಡು ಬಗೆಯಲ್ಲಿ ತೀರಿಸಬಹುದಾಗಿತ್ತು. ನಿವೇಶನವನ್ನು ಪೂರ್ತಿಯಾಗಿ ಆವರಿಸಿ ನಾಲ್ಕೂ ಕಡೆ ಬೀದಿಯಂಚಿಗೆ ತಗುಲುವ ಭಾರಿ ಕಟ್ಟಡವನ್ನು ಕಟ್ಟುವುದು ಒಂದು ಬಗೆ. ಯುದ್ಧಾನಂತರದ ಮಿಲಾನಿನಲ್ಲಿ ಹಲವರು ಹಿಡಿದ ದಾರಿ ಇದು. ಬಹುಭಾಗ ನೆಲಹಾಸನ್ನು ಒಂದೇ ಗೋಪುರದಲ್ಲಿ ಸೇರಿಸಿ, ಅದರ ಬುಡದ ಸುತ್ತ ಜಾಗ ಬಿಟ್ಟು, ನೆರೆಮನೆಗಳ ಬೆಳಕನ್ನು ಉಳಿಸುವುದು ಇನ್ನೊಂದು ಬಗೆ. ಬಿಬಿಪಿಆರ್ ಎರಡನೆಯದನ್ನು ಆಯ್ದುಕೊಂಡಿತು. ಮೊದಲು ಉಕ್ಕಿನ ಚೌಕಟ್ಟಿನ ವಿನ್ಯಾಸವೇ ಸಿದ್ಧವಾಗಿತ್ತು. ಅದನ್ನು ಅಮೆರಿಕದ ತಜ್ಞರು ಪರಿಶೀಲಿಸಿದಾಗ, ಅಂದಿನ ಇಟಲಿಯಲ್ಲಿ ಉಕ್ಕಿನ ವೆಚ್ಚ ವಿಪರೀತವಾಗುವುದೆಂದು ತಿಳಿದುಬಂದು, ಪ್ರಬಲಿತ ಕಾಂಕ್ರೀಟಿಗೆ ಬದಲಾಯಿಸಲಾಯಿತು. ಆ ಕಾಲದ ಇಟಲಿಯ ಶ್ರೇಷ್ಠ ರಚನಾ ತಂತ್ರಜ್ಞರಲ್ಲೊಬ್ಬರಾದ ಅರ್ತೂರೊ ದಾನುಸ್ಸೊ ಅದರ ಭಾರದ ಲೆಕ್ಕವನ್ನು ಮಾಡಿದರು. ಗಾಜು-ಉಕ್ಕುಗಳ ಹಗುರವಾದ ನೋಟದಿಂದ ಕಲ್ಲಿನಂತಹ ಗಟ್ಟಿ ನೋಟಕ್ಕೆ ಕಟ್ಟಡವು ಹೊರಳಿದ್ದಕ್ಕೆ ಇತಿಹಾಸಪ್ರಜ್ಞೆಯಷ್ಟೇ ಉಕ್ಕಿನ ಬೆಲೆಯೂ ಕಾರಣ. ಇಂತಹ ಸಂಗತಿಗಳನ್ನು ಶೈಲಿಯ ಇತಿಹಾಸಕಾರರು ಕಡೆಗಣಿಸುವುದುಂಟು.

ಗೋಪುರದ ಎತ್ತರ 106 ಮೀಟರ್; ನೆಲದ ಮೇಲೆ 26 ಅಂತಸ್ತುಗಳು. ವಿಜಾಪುರದ ಗೋಲಗುಮ್ಮಟವನ್ನು ಎರಡರಷ್ಟು ಮಾಡಿದರೆ ಹೆಚ್ಚುಕಡಿಮೆ ಇಷ್ಟೇ ಎತ್ತರವಾಗುತ್ತದೆ. ಬುಡದಲ್ಲಿ ಅಂಗಡಿಗಳು, ಅವುಗಳ ಮೇಲೆ ಕಚೇರಿಗಳು. ಇನ್ನೂ ಮೇಲೆ ವಕೀಲರು, ವೈದ್ಯರು ಮೊದಲಾದ ಸ್ವತಂತ್ರ ವೃತ್ತಿಯವರಿಗಾಗಿ ಕಚೇರಿಯೂ ಮನೆಯೂ ಒಂದಾಗಿರುವ ವಸತಿಗಳು. ಸುಮಾರು ಹದಿನೆಂಟನೆಯ ಅಂತಸ್ತಿನಿಂದ ಮೇಲಕ್ಕೆ ಪೂರ್ಣ ವಸತಿ. ಈ ಮೇಲಿನ ಭಾಗವು ಕೆಳಗಿನ ಕಾಂಡಕ್ಕಿಂತ ಎಲ್ಲ ದಿಕ್ಕಿಗೂ ಹೊರಚಾಚಿದೆ. ಕಾಂಡದ ಹೊರಮೈಯಲ್ಲಿ ನೇರವಾಗಿ ಮೇಲೇರುವ ಕಾಂಕ್ರೀಟಿನ ಏಣುಗಂಬಗಳು ಅಲ್ಲಿಗೆ ಬಂದಾಗ ಓರೆಯಾಗಿ ಹೊರಕ್ಕೆ ಬಾಗಿ, ಅಗಲವಾದ ತಲೆಯನ್ನು ಹೊತ್ತು, ಮತ್ತೆ ನೇರವಾಗಿ ಏರುತ್ತವೆ. ಬೇಲೂರಿನ ದೇವಾಲಯದಲ್ಲಿ ಕಂಬದ ತಲೆಯಿಂದ ಸೂರಿನ ಕಡೆಗೆ ಓರೆಯಾಗಿ ನಿಂತ ಮದನಿಕೆಯರನ್ನು ನೋಡಿದವರಿಗೆ ಈ ಭಂಗಿ ಅಪರಿಚಿತವೆನಿಸದು. ಆದರೆ ಅಲ್ಲಿ ಮದನಿಕೆಗಳ ಕೆಲಸ ಬಹುಮಟ್ಟಿಗೆ ಶೋಭೆಯದು. ಇಲ್ಲಿನ ಓರೆಗಂಬಗಳು ನಿಜವಾಗಿಯೂ ಎಂಟು ಅಂತಸ್ತುಗಳ ಮನೆಗಳ ಭಾರವನ್ನು ಒಳಗೆಳೆದು ಕಾಂಡಕ್ಕೆ ಇಳಿಸುತ್ತವೆ. ಮಿಲಾನಿನ ಜನ ಇದನ್ನು ಕಂಡು ‘ಭುಜಪಟ್ಟಿ ಕಟ್ಟಿಕೊಂಡ ಗಗನಚುಂಬಿ’ ಎಂದು ತಮಾಷೆ ಮಾಡಿದರು.

ತಲೆ ಏಕೆ ಅಗಲವಾಯಿತು? ಕಚೇರಿಗಿಂತ ವಸತಿಗೆ ಹೆಚ್ಚು ಆಳವಾದ ನೆಲಹಾಸು ಬೇಕಾಗುತ್ತದೆ. ಕೋಣೆಗಳು, ಅಡುಗೆಮನೆ, ಬಚ್ಚಲು, ಅವುಗಳ ನಡುವಿನ ಓಡಾಟದ ದಾರಿ ಇವನ್ನೆಲ್ಲ ಕಿರಿದಾದ ಕಾಂಡದ ಸುತ್ತ ಹೊಂದಿಸುವುದು ಕಷ್ಟ. ಕೆಳಗೆ ಕಟ್ಟಡವನ್ನು ಅಗಲಿಸಲು ನಿವೇಶನವು ಅವಕಾಶ ಕೊಡುವುದಿಲ್ಲ. ಅಕ್ಕಪಕ್ಕದ ಹಳೆಯ ಮನೆಗಳಿಗೆ ಗಾಳಿ-ಬೆಳಕು ಉಳಿಯಬೇಕು. ಆ ಮನೆಗಳ ಸೂರುಗಳನ್ನು ದಾಟಿ ಮೇಲೇರಿದ ಬಳಿಕ ಯಾರ ಬೆಳಕಿಗೂ ಅಷ್ಟಾಗಿ ಅಡ್ಡಿಯಿಲ್ಲ. ಆದುದರಿಂದ ಜಾಗವಿರುವಲ್ಲಿ ಕಟ್ಟಡವು ಅಗಲವಾಯಿತು. ಮಧ್ಯಯುಗದ ಪಟ್ಟಣಿಗನೂ ಇದೇ ತರ್ಕವನ್ನು ಅನುಸರಿಸಿದ್ದನೆಂಬುದನ್ನು ನೆನೆಯಬೇಕು. ಬೀದಿಯ ಅಗಲವನ್ನು ಒತ್ತುವರಿ ಮಾಡಲಾಗದೆ ಮರದ ತೊಲೆಗಳ ಮೇಲೆ ಮೇಲಂತಸ್ತನ್ನು ಮುಂಚಾಚಿದ ಮನೆಗಳು ಯುರೋಪಿನ ಹಲವು ಊರುಗಳಲ್ಲಿವೆ. ವೆಲಾಸ್ಕಾ ಗೋಪುರವು ಆ ಮನೆಗಳ ಚಿತ್ರವನ್ನು ನಕಲು ಮಾಡಲಿಲ್ಲ. ಅವು ಎದುರಿಸಿದ ಇಕ್ಕಟ್ಟನ್ನೇ ಇದೂ ಎದುರಿಸಿತು. ಹಾಗೆಂದು ಹೋಲಿಕೆಯು ಕೇವಲ ಆಕಸ್ಮಿಕ ಎಂದು ವಾದಿಸುವುದೂ ಅತಿಯಾದೀತು. ಆಕಾರವು ಮೂಡಿಬಂದ ಮೇಲೆ ಅದರಲ್ಲಿ ಕೋಟೆಗೋಪುರದ ನೆನಪಿದೆ ಎಂಬುದು ವಾಸ್ತುಶಿಲ್ಪಿಗಳಿಗೆ ತಿಳಿದೇ ಇತ್ತು; ಅದನ್ನು ಅಳಿಸುವ ಯತ್ನವನ್ನು ಅವರು ಮಾಡಲಿಲ್ಲ, ಬದಲಿಗೆ ಓರೆಯಾದ ತಾಮ್ರದ ಸೂರಿನಿಂದಲೂ ಸುತ್ತಲಿನ ಕಲ್ಲುಗಾರೆಗಳಿಗೆ ಹತ್ತಿರವಾದ ಮಣ್ಣುಬಣ್ಣದ ಮೇಲ್ಮೈಯಿಂದಲೂ ಅದನ್ನು ಗಟ್ಟಿಗೊಳಿಸಿದರು. ಕಿಟಕಿಗಳು ಎಲ್ಲ ಅಂತಸ್ತಿನಲ್ಲೂ ಒಂದೇ ಸಾಲಿನಲ್ಲಿಲ್ಲ. ಒಳಗಿನ ಮನೆಗಳ ವಿಂಗಡಣೆಯನ್ನು ಅನುಸರಿಸಿ ಅವು ಅಲ್ಲೊಂದು ಇಲ್ಲೊಂದು ಸರಿದಿವೆ. ಹಳೆಯ ಬೀದಿಯ ಮನೆಗಳ ಸಾಲಿನಲ್ಲಿ ಕಾಣುವ ಇದೇ ಅಸಮತೆಯಿಂದ ಗೋಪುರಕ್ಕೆ ಮನೆತನದ ಕಳೆ ಬಂದಿದೆ ಎಂಬುದು ನನ್ನ ಅಭಿಪ್ರಾಯ. ಬಹುಮಂದಿ ವಿಮರ್ಶಕರು ಅಗಲವಾದ ತಲೆಯನ್ನೇ ನೋಡಿ ಕಿಟಕಿಗಳನ್ನು ಗಮನಿಸಿಲ್ಲ.

ಎತ್ತರದ ಪ್ರಶ್ನೆಯೂ ಇತ್ತು. ದುವೊಮೊದ ಅತ್ಯುನ್ನತ ಶಿಖರದ ಮೇಲೆ 1774ರಲ್ಲಿ ಸ್ಥಾಪಿತವಾದ ಮದೊನ್ನೀನಾ ಎಂಬ ಹೊಂಬಣ್ಣದ ಮಾತೆ ಮೇರಿಯ ಪ್ರತಿಮೆ ಇದೆ. ಅದರ ತುದಿ ನೆಲದಿಂದ 108.5 ಮೀಟರ್. ಊರಿನಲ್ಲಿ ಯಾವ ಕಟ್ಟಡವೂ ಆ ತಾಯಿಯನ್ನು ಮೀರಿ ಏಳಬಾರದೆಂಬುದು ಜನರಲ್ಲಿ ಬೇರೂರಿದ್ದ ಮರ್ಯಾದೆ. ವೆಲಾಸ್ಕಾ ಗೋಪುರವು ಅದಕ್ಕಿಂತ ಎರಡೂವರೆ ಮೀಟರಿನಷ್ಟು ಕೆಳಗೆಯೇ ನಿಂತಿತು. ಇದೇ ವರ್ಷಗಳಲ್ಲಿ, ಆದರೆ ಹಳೆಯ ಊರಿನ ಹೊರಗೆ ಕೇಂದ್ರ ರೈಲುನಿಲ್ದಾಣದ ಬಳಿ, ಜಿಯೊ ಪೊಂತಿ ವಿನ್ಯಾಸಗೊಳಿಸಿದ ಪಿರೆಲ್ಲಿ ಕಟ್ಟಡ 127 ಮೀಟರ್ ಏರಿ 1960ರಲ್ಲಿ ಪೂರ್ಣಗೊಂಡು ಈ ಮರ್ಯಾದೆಯನ್ನು ದಾಟಿತು. ಅದಕ್ಕೆ ಪರಿಹಾರವೆಂಬಂತೆ ಅದರ ತಾರಸಿಯ ಮೇಲೆ ಮದೊನ್ನೀನಾದ ಪುಟ್ಟ ಪ್ರತಿಯೊಂದನ್ನು ಇರಿಸಲಾಯಿತು. ಎರಡು ಕಟ್ಟಡಗಳನ್ನು ಹೋಲಿಸಿ ಪೊಂತಿಯದು ಹೆಚ್ಚು ಸೊಗಸು ಎನ್ನುವವರಿದ್ದಾರೆ. ಅದು ನಿಜವೂ ಇರಬಹುದು. ಆದರೆ ಅದು ಕೇವಲ ಕಚೇರಿಗಳ ಕಟ್ಟಡ. ಅಲ್ಲಿ ಯಾರೂ ರಾತ್ರಿ ಮಲಗುವುದಿಲ್ಲ.

ಗೋಪುರದ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿಯೇ ಬಿಬಿಪಿಆರ್ ಇನ್ನೊಂದು ಕಾರ್ಯವನ್ನೂ ನಿರ್ವಹಿಸುತ್ತಿತ್ತೆಂಬುದನ್ನು ಇಲ್ಲಿ ಉಲ್ಲೇಖಿಸಬೇಕು. ಬಾಂಬಿನಿಂದ ಹಾಳಾದ ಸ್ಫೋರ್ತ್ಸಾ ಕೋಟೆಯೊಳಗಿನ ವಸ್ತುಸಂಗ್ರಹಾಲಯವನ್ನು ಅವರು ಪುನರ್ವ್ಯವಸ್ಥೆಗೊಳಿಸಿದರು. ಮೈಕೆಲೇಂಜಲೊ ಸಾಯುವವರೆಗೂ ಕಡೆಯುತ್ತ ಅಪೂರ್ಣವಾಗಿ ಬಿಟ್ಟ ‘ರೊಂದಾನಿನಿ ಪಿಯೆತಾ’ವನ್ನು ನಗರಸಭೆ 1952ರಲ್ಲಿ ಕೊಂಡಿತು, 1956ರಲ್ಲಿ ಅದನ್ನು ಕೋಟೆಯಲ್ಲಿ ಪ್ರತಿಷ್ಠಾಪಿಸಿದಾಗ ನೋಡುಗನು ಸುತ್ತಿ ಇಳಿದುಬಂದು ಹಠಾತ್ತನೆ ಅದನ್ನು ಎದುರುಗೊಳ್ಳುವಂತೆ ಸ್ಥಳವನ್ನು ಕಲ್ಪಿಸಿದವರೂ ಇವರೇ. ಹೀಗೆ ಹಗಲಿನ ಒಂದು ಭಾಗವನ್ನು ಕೋಟೆಯ ಗೋಡೆಗಳ ನಡುವೆಯೂ ಇನ್ನೊಂದು ಭಾಗವನ್ನು ಗೋಪುರದ ನಕ್ಷೆಗಳ ಮುಂದೆಯೂ ಕಳೆದವರ ಕೈಯಲ್ಲಿ ಎರಡೂ ಒಂದರೊಳಗೊಂದು ಸೇರಿದ್ದರೆ ಅಚ್ಚರಿಯಿಲ್ಲ. ಕಾ ಗ್ರಾಂದಾದ ದುರಸ್ತಿಯಾದ ಕಟ್ಟಡಕ್ಕೆ ಮಿಲಾನ್ ವಿಶ್ವವಿದ್ಯಾನಿಲಯವು ಸ್ಥಳಾಂತರಗೊಂಡುದೂ ಗೋಪುರವು ಮುಗಿದ 1958ರಲ್ಲಿಯೇ.

ಕಟ್ಟಡ ಮುಗಿದ ಮರುವರ್ಷವೇ ವಿವಾದ ಭುಗಿಲೆದ್ದಿತು. 1959ರ ಏಪ್ರಿಲ್‌ನಲ್ಲಿ ಬ್ರಿಟಿಷ್ ವಿಮರ್ಶಕ ರೇನರ್ ಬ್ಯಾನ್‌ಹಮ್ ‘ಆರ್ಕಿಟೆಕ್ಚರಲ್ ರಿವ್ಯೂ’ ಪತ್ರಿಕೆಯಲ್ಲಿ, ಇಟಲಿಯವರು ಆಧುನಿಕ ವಾಸ್ತುಶಿಲ್ಪದಿಂದ ಹಿಮ್ಮೆಟ್ಟುತ್ತಿದ್ದಾರೆಂದು ಆಪಾದಿಸಿ ತೀಕ್ಷ್ಣವಾದ ಲೇಖನವನ್ನು ಬರೆದರು. ಮನೆಯನ್ನು ಬದಲಿಸಿದ್ದು ಯಂತ್ರೋಪಕರಣಗಳ ಕ್ರಾಂತಿ, ಅದರ ಹಿಂದಿನ ಶೈಲಿಗಳಿಗೆ ಮರಳುವುದು ಬಾಲಿಶತನ ಎಂಬುದು ಅವರ ವಾದ. ರೋಜರ್ಸ್ ಜೂನ್ ಸಂಚಿಕೆಯ ‘ಕಾಸಾಬೆಲ್ಲಾ’ದಲ್ಲಿ ಪ್ರತ್ಯುತ್ತರ ಕೊಟ್ಟರು. ಆ ಲೇಖನದ ಶೀರ್ಷಿಕೆಯಲ್ಲಿಯೇ ಬ್ಯಾನ್‌ಹಮ್‌ರನ್ನು ‘ಫ್ರಿಜ್ಜುಗಳ ಕಾವಲುಗಾರ’ ಎಂದು ಕರೆದಿದ್ದರು. ವಿದ್ವತ್ ಚರ್ಚೆಯಲ್ಲಿ ಇಷ್ಟು ಖಾರ ಅಪರೂಪ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ನೆದರ್ಲೆಂಡ್ಸಿನ ಒಟ್ಟರ್ಲೊದಲ್ಲಿ ಸಿಯಾಂ ತನ್ನ ಕೊನೆಯ ಸಮಾವೇಶಕ್ಕಾಗಿ ಕೂಡಿತು. ರೋಜರ್ಸ್ ವೆಲಾಸ್ಕಾ ಗೋಪುರವನ್ನು ಅಲ್ಲಿ ಸ್ವತಃ ಮಂಡಿಸಿದರು. ಇಂಗ್ಲೆಂಡಿನ ಪೀಟರ್ ಸ್ಮಿತ್‌ಸನ್ ಅದನ್ನು ಉಗ್ರವಾಗಿ ಖಂಡಿಸಿದರು. ಇಂತಹ ಕಟ್ಟಡವು ಇತರರಿಗೆ ಕೆಟ್ಟ ಮಾದರಿಯಾಗುತ್ತದೆ, ಅದರ ಪರಿಣಾಮಕ್ಕೆ ವಾಸ್ತುಶಿಲ್ಪಿ ಹೊಣೆಗಾರ ಎಂಬುದು ಅವರ ಆಕ್ಷೇಪದ ತಿರುಳು. ಡಚ್ ವಾಸ್ತುಶಿಲ್ಪಿ ಯಾಕೊಬ್ ಬಾಕೆಮಾ ಕೂಡ ಅದರಲ್ಲಿ ಸಮಕಾಲೀನ ಬದುಕಿಗೆ ಪ್ರತಿರೋಧವನ್ನೇ ಕಂಡರು. ಇವರಿಬ್ಬರೂ ಹಳೆಯ ಸಿದ್ಧಾಂತದ ವಕ್ತಾರರಲ್ಲ, ಅದನ್ನು ಒಡೆಯಲು ಹೊರಟ ತರುಣರ ಗುಂಪಿನವರೇ ಎಂಬುದು ಈ ಪ್ರಸಂಗದ ವಿಪರ್ಯಾಸ. ನಾಲ್ಕು ಕಾರ್ಯಗಳ ವಿಂಗಡಣೆಯಿಂದ ನಗರ ನಿರ್ಜೀವವಾಗುತ್ತದೆ ಎಂಬ ವಿಷಯದಲ್ಲಿ ಅವರಿಗೂ ರೋಜರ್ಸ್ ಅವರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಅಂಗಡಿ, ಕಚೇರಿ, ಮನೆಗಳನ್ನು ಒಂದೇ ಕಾಂಡದಲ್ಲಿ ಕೂಡಿಸಿದ ಕಟ್ಟಡವೊಂದು ಅವರ ಕಣ್ಣೆದುರಿಗೇ ಇತ್ತು. ಆದರೂ ಸಭೆಯ ಗಮನವೆಲ್ಲ ಅದರ ತಲೆ ಮತ್ತು ಓರೆಗಂಬಗಳ ಮೇಲೆಯೇ ನೆಟ್ಟಿತು. ಒಳಗಿನ ಏರ್ಪಾಟನ್ನು ಕುರಿತು ನಡೆಯಬಹುದಾಗಿದ್ದ ಚರ್ಚೆ ನಡೆಯಲಿಲ್ಲವೆಂದೇ ಹೇಳಬೇಕು.

ನಡೆದಿದ್ದರೆ ಕೇಳಬೇಕಾಗಿದ್ದ ಕಠಿಣ ಪ್ರಶ್ನೆಯೊಂದಿದೆ. ಬಳಕೆಗಳ ಮಿಶ್ರಣವಾಯಿತು ಸರಿ, ಜನರ ಮಿಶ್ರಣವಾಯಿತೇ? ಬಾಂಬಿಗೆ ಬಲಿಯಾದ ಬೀದಿಗಳಲ್ಲಿ ಬಗೆಬಗೆಯ ಜನರಿದ್ದರು. ಗೋಪುರದ ಮೇಲಂತಸ್ತುಗಳಲ್ಲಿ ನೆಲೆಸಿದವರು ಉಳ್ಳವರು. ಅದೇ ಕಾಲದಲ್ಲಿ ದಕ್ಷಿಣ ಇಟಲಿಯಿಂದ ಗುಂಪುಗುಂಪಾಗಿ ಮಿಲಾನಿಗೆ ಬಂದ ಕಾರ್ಮಿಕರು ನೆಲೆ ಕಂಡುಕೊಂಡುದು ನಗರದ ಹೊರವಲಯಗಳಲ್ಲಿ. 1949ರಲ್ಲಿ ಆರಂಭವಾದ ಸರ್ಕಾರಿ ವಸತಿ ಯೋಜನೆಯ ಬಡಾವಣೆಗಳೂ ಬಹುಮಟ್ಟಿಗೆ ಊರಿನ ಅಂಚಿನಲ್ಲಿಯೇ ಎದ್ದವು. ‘ಮನುಷ್ಯನ ಮನೆ’ಯ ಪ್ರತಿಪಾದಕರ ಅತ್ಯಂತ ಪ್ರಸಿದ್ಧ ಕಟ್ಟಡವು ನಿರ್ದಿಷ್ಟ ಆದಾಯದ ಮನುಷ್ಯರ ಮನೆಯಾಗಿ ಉಳಿಯಿತು. ಇದಕ್ಕೆ ವಾಸ್ತುಶಿಲ್ಪಿಗಳನ್ನೇ ದೂರುವುದು ನ್ಯಾಯವಲ್ಲ; ನಿವೇಶನದ ಬೆಲೆ ಅದನ್ನು ಮೊದಲೇ ನಿಶ್ಚಯಿಸಿತ್ತು. ಆದರೆ ಸಾತತ್ಯವೆಂಬ ಮಾತಿನ ಮಿತಿಯನ್ನು ಇದು ತೋರಿಸುತ್ತದೆ. ಬಣ್ಣ, ಆಕಾರ, ಎತ್ತರಗಳಲ್ಲಿ ಉಳಿದ ಸಂಬಂಧವು ಬಾಡಿಗೆಯ ಪಟ್ಟಿಯಲ್ಲಿ ಉಳಿಯಲಿಲ್ಲ.

ಈ ಅಂಶವನ್ನು ಲಂಡನ್ನಿನ ಬಾರ್ಬಿಕನ್ ವಸತಿ ಸಮುಚ್ಚಯದೊಡನೆ ಹೋಲಿಸುವುದು ಉಪಯುಕ್ತ, ಏಕೆಂದರೆ ಅಲ್ಲಿ ಭೂಮಿಯ ಒಡೆತನ ನಗರಾಡಳಿತದ್ದಾಗಿತ್ತು. 1940ರ ಡಿಸೆಂಬರಿನ ಬಾಂಬುದಾಳಿಯಲ್ಲಿ ಸುಟ್ಟುಹೋದ ಕ್ರಿಪಲ್‌ಗೇಟ್ ಭಾಗದಲ್ಲಿ 1951ರ ಹೊತ್ತಿಗೆ ಉಳಿದಿದ್ದ ನಿವಾಸಿಗಳು ಕೇವಲ 48 ಮಂದಿ. ಕಚೇರಿಗಳಷ್ಟೇ ತುಂಬಿದರೆ ಪ್ರಾಚೀನ ನಗರವು ಜನಶೂನ್ಯವಾಗುತ್ತದೆಂದು ಮನಗಂಡ ಲಂಡನ್ ಸಿಟಿ ಆಡಳಿತವು ಅಲ್ಲಿ ವಸತಿಯನ್ನೇ ಕಟ್ಟಲು ನಿರ್ಧರಿಸಿತು. ಚೇಂಬರ್ಲಿನ್, ಪಾವೆಲ್ ಮತ್ತು ಬಾನ್ ಎಂಬ ವಾಸ್ತುಶಿಲ್ಪಿಗಳು ಮಧ್ಯಯುಗದ ಸೇಂಟ್ ಜೈಲ್ಸ್ ಚರ್ಚನ್ನೂ ರೋಮನ್ ಕಾಲದ ಕೋಟೆಗೋಡೆಯ ಅವಶೇಷವನ್ನೂ ನಡುವೆ ಉಳಿಸಿಕೊಂಡು, ಶಾಲೆ, ಕಲಾಕೇಂದ್ರ, ಗ್ರಂಥಾಲಯ ಮತ್ತು ನಲವತ್ತಕ್ಕೂ ಹೆಚ್ಚು ಅಂತಸ್ತಿನ ಮೂರು ವಸತಿಗೋಪುರಗಳನ್ನು ಯೋಜಿಸಿದರು. 1960ರ ದಶಕದಲ್ಲಿ ಆರಂಭವಾದ ಕೆಲಸ ಕಲಾಕೇಂದ್ರದ ಉದ್ಘಾಟನೆಯೊಂದಿಗೆ 1982ರಲ್ಲಿ ಮುಗಿಯಿತು. ಜನರನ್ನು ಮರಳಿ ತರುವ ಉದ್ದೇಶ ನೆರವೇರಿತು. ಆದರೆ ಅಲ್ಲಿಯೂ ಬಾಡಿಗೆಯನ್ನು ಮಧ್ಯಮ ಮತ್ತು ಮೇಲ್ಮಧ್ಯಮ ವರ್ಗದ ವೃತ್ತಿಪರರನ್ನು ಗಮನದಲ್ಲಿಟ್ಟೇ ಗೊತ್ತುಮಾಡಲಾಗಿತ್ತು. ಬಾರ್ಬಿಕನ್ ತನ್ನ ಕಾಲ್ದಾರಿಗಳನ್ನು ಬೀದಿಯಿಂದ ಮೇಲಕ್ಕೆತ್ತಿ ಊರಿನಿಂದ ಬೇರೆಯಾಗಿ ನಿಂತಿತು. ದಾರಿ ತಿಳಿಯದೆ ಅಲೆದಾಡುವ ಸಂದರ್ಶಕರಿಗಾಗಿ ನೆಲದ ಮೇಲೆ ಹಳದಿ ಗೆರೆಗಳನ್ನು ಎಳೆಯಬೇಕಾಯಿತು. ವೆಲಾಸ್ಕಾ ಗೋಪುರವಾದರೋ ಹಳೆಯ ಬೀದಿಯ ಮಟ್ಟದಲ್ಲಿಯೇ ಬಾಗಿಲು ತೆರೆಯುತ್ತದೆ. ಹೊರನೋಟದ ವಿಷಯದಲ್ಲಿ ಇಷ್ಟೊಂದು ಬೈಸಿಕೊಂಡ ಕಟ್ಟಡಕ್ಕೆ ಈ ಸರಳ ಗುಣಕ್ಕಾಗಿ ಸಲ್ಲಬೇಕಾದ ಮನ್ನಣೆ ಸಂದಿಲ್ಲ.

ರೋಜರ್ಸ್ 1969ರಲ್ಲಿಯೂ ಪೆರೆಸ್ಸೂತ್ತಿ 1976ರಲ್ಲಿಯೂ ನಿಧನರಾದರು. ಬೆಲ್ಜೊಯೋಸೊ 2004ರವರೆಗೆ ಬದುಕಿದ್ದರು. ‘ಕಾಸಾಬೆಲ್ಲಾ’ದಲ್ಲಿ ರೋಜರ್ಸ್ ಅವರ ಬಳಿ ಪಳಗಿದ ಆಲ್ದೊ ರೊಸ್ಸಿ 1966ರಲ್ಲಿ ನಗರದ ವಾಸ್ತುಶಿಲ್ಪವನ್ನು ಕುರಿತ ತಮ್ಮ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದರು, ಪರಿಸರ, ಸ್ಮೃತಿ ಎಂಬ ಪದಗಳು ಮುಂದಿನ ಪೀಳಿಗೆಯ ನಿತ್ಯದ ಮಾತಾದವು. ಆ ಪದಗಳು ಅಗ್ಗವಾದುದೂ ಉಂಟು. ಹಳೆಯ ಊರುಗಳಲ್ಲಿ ಎತ್ತರದ ಕಟ್ಟಡವನ್ನೆಬ್ಬಿಸಿ, ಅದರ ಮೈಗೆ ಸ್ಥಳೀಯ ಕಲ್ಲಿನ ತೆಳುಪದರವನ್ನು ಹೊದಿಸಿ, ಪರಿಸರಕ್ಕೆ ಹೊಂದಿಕೆಯಾಗಿದೆ ಎಂದು ಹೇಳಿಕೊಳ್ಳುವ ಕ್ರಮ ಎಷ್ಟೋ ದೇಶಗಳಲ್ಲಿ ಬೆಳೆದಿದೆ. ನಿವೇಶನದ ಅಕ್ಕಪಕ್ಕದವರಿಗೆ ಬೆಳಕು ಉಳಿಯಿತೇ, ಬುಡದಲ್ಲಿ ದಾರಿಹೋಕನಿಗೆ ಜಾಗವಿದೆಯೇ, ರಾತ್ರಿಯ ಹೊತ್ತು ಅಲ್ಲಿ ದೀಪ ಉರಿಯುತ್ತದೆಯೇ ಎಂಬ ಪ್ರಶ್ನೆಗಳು ಅಲ್ಲಿ ಏಳುವುದೇ ಇಲ್ಲ.

ಗೋಪುರಕ್ಕೆ 2011ರಲ್ಲಿ ಇಟಲಿಯ ಸಾಂಸ್ಕೃತಿಕ ಪರಂಪರೆಯ ಇಲಾಖೆಯು ಸಂರಕ್ಷಿತ ಕಟ್ಟಡದ ಸ್ಥಾನವನ್ನು ನೀಡಿತು. 2020ರಲ್ಲಿ ಅದು ಅಮೆರಿಕ ಮೂಲದ ಹೈನ್ಸ್ ಎಂಬ ಕಂಪನಿಯ ನಿರ್ವಹಣೆಗೆ ಬಂದು, ಮುಂದಿನ ವರ್ಷಗಳಲ್ಲಿ ವ್ಯಾಪಕವಾದ ದುರಸ್ತಿ ಕಂಡಿತು. ಆರು ದಶಕಗಳ ಹೊಗೆ-ಧೂಳಿನಿಂದ ಮಸುಕಾಗಿ ಅಲ್ಲಲ್ಲಿ ಸಡಿಲಗೊಂಡಿದ್ದ ಮೇಲ್ಮೈಯನ್ನು ಸಂರಕ್ಷಣಾಧಿಕಾರಿಗಳ ಮೇಲ್ವಿಚಾರಣೆಯಲ್ಲಿ ಸರಿಪಡಿಸಲಾಯಿತು. 1950ರ ದಶಕದಲ್ಲಿ ಬೆರೆಸಿದ ಗಾರೆಯ ಬಣ್ಣ ಯಾವುದಿತ್ತು, ಕಲ್ಲಿನ ಹರಳು ಎಷ್ಟು ದಪ್ಪವಿತ್ತು ಎಂಬಂತಹ ಪ್ರಶ್ನೆಗಳು, ಸಾಮಾನ್ಯವಾಗಿ ಪುರಾತನ ಚರ್ಚುಗಳ ದುರಸ್ತಿಯಲ್ಲಿ ಕೇಳಿಬರುವಂತಹವು, ಈಗ ಈ ಗೋಪುರದ ಬಗ್ಗೆಯೂ ಎದ್ದವು. ಬಹುಕಾಲ ವಾಹನಗಳ ತಂಗುದಾಣವಾಗಿಬಿಟ್ಟಿದ್ದ ವೆಲಾಸ್ಕಾ ಚೌಕವನ್ನು ಪಾದಚಾರಿಗಳಿಗೆ ಬಿಟ್ಟುಕೊಡಲಾಗಿದೆ. ಗೋಪುರದಲ್ಲಿ ಇಂದಿಗೂ ಕೆಳಗೆ ವ್ಯಾಪಾರ, ನಡುವೆ ಕಚೇರಿ, ಮೇಲೆ ಮನೆಗಳ ಏರ್ಪಾಟೇ ಮುಂದುವರಿದಿದೆ.